ಚಳಿಗಾಲದಲ್ಲಿ ಹಿಡ್ಲುಮನೆ ಹಳ್ಳ ಹತ್ತಿ ಕೊಡಚಾದ್ರಿಗೆ: ಒಂದು ದಿನದ ಚಾರಣದ ಸಮಗ್ರ ಮಾರ್ಗದರ್ಶಿ

ಕೊಡಚಾದ್ರಿಗೆ ಜೀಪಿನ ರಸ್ತೆ ಇದೆ. ಕುಲುಕಾಡಿಕೊಂಡು ಹೋದರೆ ನಡೆಯುವ ಕಷ್ಟವೇ ಇಲ್ಲದೆ ಮೇಲೆ ಮುಟ್ಟಬಹುದು. ಆದರೆ ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಅಬ್ಬಿಯ (ಜಲಪಾತದ) ಹಳ್ಳ ಹಿಡಿದು ಹತ್ತುವುದೇ ಬೇರೆ. ಎರಡೂ ಕಡೆ ಕಾಡು ಒತ್ತಿಕೊಂಡ ಕಿರಿದಾದ ಕಣಿವೆ. ಮಧ್ಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೀಳುವ ನೀರು. ಆ ನೀರಿನ ಪಕ್ಕದ ಬಂಡೆಗಳೇ ದಾರಿ. ಕಣಿವೆ ಮುಗಿದ ಮೇಲೆ ಒಮ್ಮೆಲೇ ಬಯಲು ಹುಲ್ಲುಗಾವಲು, ಆಮೇಲೆ 1343 ಮೀಟರ್ ಎತ್ತರದ ಶಿಖರ. ಒಂದೇ ದಿನದಲ್ಲಿ ಮಲೆನಾಡಿನ ಇಷ್ಟೆಲ್ಲ ಮುಖಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ದಾರಿ ಶಿವಮೊಗ್ಗ ಜಿಲ್ಲೆಯಲ್ಲಿ ನನಗೆ ಬೇರೆ ಗೊತ್ತಿಲ್ಲ.

ಮೊದಲ ಸಲ ಹೋಗುವವರು ಸಾಮಾನ್ಯವಾಗಿ ಹೆದರುವುದು ಹುಲಿ, ಚಿರತೆ, ರಕ್ತ ಹೀರುವ ಉಂಬಳಗಳಿಗೆ. ಚಳಿಗಾಲದಲ್ಲಿ ಈ ಹಳ್ಳದಲ್ಲಿ ನಿಜವಾಗಿ ಎಚ್ಚರ ಇರಬೇಕಾದ್ದು ಮೂರಕ್ಕೆ. ಬೇಗ ಕವಿಯುವ ಕತ್ತಲು, ಪಾಚಿ ಕಟ್ಟಿದ ಬಂಡೆ, ಮತ್ತೆ ಎಳ್ಳಿಗಿಂತ ಚಿಕ್ಕ ಉಣುಗು (ರಕ್ತ ಹೀರುವ ಉಣ್ಣೆ). ಈ ಮೂರನ್ನು ಸರಿಯಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಯಾವಾಗ ಹೋಗಬೇಕು

ಡಿಸೆಂಬರ್ ಎರಡನೇ ವಾರದಿಂದ ಜನವರಿ ಕೊನೆಯವರೆಗೆ. ನನ್ನ ಮಟ್ಟಿಗೆ ಇದೇ ಸರಿಯಾದ ಕಾಲ.

ಹೊಸನಗರ ತಾಲ್ಲೂಕಿನ ಮಳೆ ಸುಮ್ನೆ ಮಳೆಯಲ್ಲ. ಇದೇ ತಾಲ್ಲೂಕಿನ ಹುಲಿಕಲ್, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳದೊಳಗೆ ಕಾಲಿಡಲೇಬಾರದು. ಮೇಲೆ ಗುಡ್ಡದಲ್ಲಿ ಜೋರು ಮಳೆ ಬಿದ್ದರೆ ಕೆಳಗಿರುವವರಿಗೆ ಗೊತ್ತಾಗುವ ಮೊದಲೇ ನೀರು ಏರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲೂ ಹಿಂಗಾರಿನ ಸಂಜೆ ಮಳೆ ಕೈಕೊಡಬಹುದು. ಡಿಸೆಂಬರ್ ನಡುವಿನ ಹೊತ್ತಿಗೆ ನೀರು ಇಳಿದಿರುತ್ತದೆ, ಆದರೆ ಅಬ್ಬಿ ಬತ್ತಿರುವುದಿಲ್ಲ. ಬಂಡೆಗಳ ಪಕ್ಕೆ ಒಣಗಿರುತ್ತದೆ. ಉಂಬಳ ಬಹಳ ಕಡಿಮೆ. ಬೆಳಗ್ಗೆ ಚಳಿ ಇದ್ದರೂ ಹತ್ತುವಾಗ ಹಿತವಾಗಿರುತ್ತದೆ.

ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಬೆಂಕಿಯ ಕಾಲ ಶುರು. ಆಗ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುವುದೂ ಉಂಟು. ವಾರದ ದಿನ ಸಿಕ್ಕಿದರೆ ವಾರದ ದಿನವೇ ಹೋಗಿ. ಡಿಸೆಂಬರ್ ಕೊನೆಯ ವಾರದಲ್ಲಿ ಮಾತ್ರ ಬೇಡ, ಜನ ಜಾಸ್ತಿ. ಕಿರಿದಾದ ಜಾಗದಲ್ಲಿ ಹಿಂದೆ ಮುಂದೆ ಕಾಯುವುದರಲ್ಲೇ ಒಂದು ಗಂಟೆ ಹೋಗುತ್ತದೆ.

ಅನುಮತಿ

ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮಕ್ಕೆ ಸೇರಿದ ಕಾಡು. ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ನೋಡಿ, ನೀವು ಹೋಗುವ ದಿನಕ್ಕೆ ದಾರಿ ತೆರೆದಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಟಿಕೆಟ್ ಅನ್ನು ಕಾಗದದಲ್ಲೂ ಇಟ್ಟುಕೊಳ್ಳಿ, ಗುರುತಿನ ಚೀಟಿಯೂ ಜೊತೆಗಿರಲಿ. ಅಲ್ಲಿ ನೆಟ್‌ವರ್ಕ್ ನಂಬಿಕೊಂಡು ಹೋಗಬೇಡಿ.

ಮೊದಲ ಸಲವಾದರೆ ಸ್ಥಳೀಯ ಗೈಡ್ ಬೇಕೇ ಬೇಕು. ಅಬ್ಬಿಯ ಮೇಲಿನ ಕಾಡಿನಲ್ಲಿ ದನದ ಕಾಲುದಾರಿ ಯಾವುದು, ನಮ್ಮ ದಾರಿ ಯಾವುದು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ.

ಗಡಿಯಾರದ ಲೆಕ್ಕ

ಇದನ್ನು ಮನೆಯಲ್ಲೇ ಕೂತು ಮಾಡಿ. ಕಾಗದ ಪೆನ್ನು ಸಾಕು.

ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ, ಮುಳುಗುವುದು 6:10ರ ಸುಮಾರಿಗೆ. ಅಂದರೆ ಹಗಲು 11 ಗಂಟೆ 20 ನಿಮಿಷ. ಸಾಕಷ್ಟಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಬಯಲಿನ ಲೆಕ್ಕ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಡುಮಧ್ಯಾಹ್ನದಲ್ಲೂ ನೆತ್ತಿಯ ಮೇಲೆ ಬರುವುದಿಲ್ಲ, 53 ಡಿಗ್ರಿ ಎತ್ತರಕ್ಕೇ ನಿಲ್ಲುತ್ತಾನೆ. ಕಣಿವೆಯ ಗೋಡೆ ಎತ್ತರ, ಅದರ ಮೇಲೆ ಮರ ಎತ್ತರ. ಹಾಗಾಗಿ ಹಳ್ಳದೊಳಗೆ ನಾಲ್ಕೂವರೆಗೇ ಬೆಳಕು ಬೂದಿ ಬಣ್ಣಕ್ಕೆ ತಿರುಗುತ್ತದೆ. ಐದೂವರೆಗೆ ಬಂಡೆಯ ಮೇಲಿನ ಪಾಚಿಗೂ ನೆರಳಿಗೂ ವ್ಯತ್ಯಾಸ ಕಾಣುವುದಿಲ್ಲ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ತಿಂಡಿ, ಫೋಟೋ ಅಂತ ತಡಮಾಡಿ, ಹತ್ತೂಮುಕ್ಕಾಲಿಗೆ ಹತ್ತಲು ಶುರು ಮಾಡಿದೆವು. ಕೊನೆಯ ಮನೆಯ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಹಿರಿಯರೊಬ್ಬರು ತಲೆ ಎತ್ತಿ ನೋಡಿದರು. “ಈಗ ಹೊರಟ್ರಾ? ವಾಪಸ್ ಹಳ್ಳದಲ್ಲೇ ಬರ್ತೀರಾ?” ಅಂದರು. ಹೌದು ಅಂದೆ. “ಬೇಡ ಮಾರಾಯ್ರೇ, ಹಳ್ಳದೊಳಗೆ ಬೇಗ ಕಪ್ಪಾಗ್ತದೆ” ಅಂದರು. ನಾವು ಕೇಳಲಿಲ್ಲ. ಸಂಜೆ ಅಬ್ಬಿಯ ಪಕ್ಕ ಇಳಿಯುವಾಗ ನನ್ನ ಭಾವನ ಕಾಲು ಎರಡು ಬಂಡೆಯ ನಡುವಿನ ಎಲೆ ಮುಚ್ಚಿದ ಹೊಂಡದಲ್ಲಿ ಸಿಕ್ಕಿ ತಿರುಚಿತು. ನಾಲ್ಕು ಜನರಿಗೆ ಇದ್ದದ್ದು ಮೊಬೈಲ್ ಬೆಳಕು ಮಾತ್ರ. ಮುಕ್ಕಾಲು ಗಂಟೆಯ ದಾರಿಗೆ ಮೂರು ಗಂಟೆ ಬೇಕಾಯಿತು. ಅಂಗಳದಲ್ಲಿ ದೀಪ ಹಿಡಿದುಕೊಂಡು ಆ ಹಿರಿಯರು ಕಾಯುತ್ತಿದ್ದರು. ಒಂದು ಮಾತೂ ಬೈಯಲಿಲ್ಲ, ಬಿಸಿನೀರು ಕೊಟ್ಟರು. ಅವತ್ತಿನಿಂದ ನಾನು ಲೆಕ್ಕ ಹಾಕದೆ ಹೊರಟಿಲ್ಲ.

ಲೆಕ್ಕ ಹೀಗೆ. ನೇಯ್ಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹತ್ತುವ ದಾರಿ 7 ಕಿಲೋಮೀಟರ್, ಏರು 700 ಮೀಟರ್ ಅಂತ ಇಟ್ಟುಕೊಳ್ಳಿ. ದೂರಕ್ಕೆ ಒಂದು ಗಂಟೆ 25 ನಿಮಿಷ, ಏರಿಗೆ ಒಂದು ಗಂಟೆ 10 ನಿಮಿಷ. ಒಟ್ಟು ಎರಡು ಗಂಟೆ 35 ನಿಮಿಷ. ಇದು ಗಟ್ಟಿ ನೆಲದ ಮೇಲೆ ನಡೆದು ಅಭ್ಯಾಸ ಇದ್ದವರ ಲೆಕ್ಕ. ನಮ್ಮ ಹಳ್ಳ, ಬೇರು, ಬಂಡೆಗೆ ಒಂದೂವರೆ ಪಟ್ಟು ಮಾಡಿ. ನಾಲ್ಕು ಗಂಟೆ ಹತ್ತಿರ ಬರುತ್ತದೆ. ನನ್ನ ಅನುಭವಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮಕ್ಕಳಿದ್ದರೆ ಅಥವಾ ಹೊಸಬರಿದ್ದರೆ ಐದು ಗಂಟೆ ಇಡಿ.

ಇದರಿಂದ ಮೂರು ಹೊತ್ತು ನಿಗದಿ ಮಾಡಿಕೊಳ್ಳಿ. ನಡಿಗೆ ಶುರು 7:30ಕ್ಕೆ. ಶಿಖರಕ್ಕೆ 12ರ ಒಳಗೆ. ಎಲ್ಲೇ ಇರಲಿ, 1 ಗಂಟೆಗೆ ವಾಪಸ್. ಈ ಕೊನೆಯದ್ದನ್ನು ಹೊರಡುವ ಮೊದಲೇ ಗುಂಪಿನ ಎಲ್ಲರ ಎದುರು ಹೇಳಿ ಒಪ್ಪಿಸಿ. ಮೇಲೆ ಹೋದ ಮೇಲೆ “ಇನ್ನೊಂದು ಹತ್ತು ನಿಮಿಷ” ಅನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ.

ತಲುಪುವುದು

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ ದಾಟಿ ನಿಟ್ಟೂರು. ಬೆಳಗ್ಗೆ ಏಳೂವರೆಗೆ ನಡಿಗೆ ಶುರುವಾಗಬೇಕು ಅಂದರೆ ಶಿವಮೊಗ್ಗ ಬಿಡುವುದು ನಾಲ್ಕಕ್ಕೆ. ಚಳಿಗಾಲದ ಬೆಳಗಿನ ಜಾವ ಈ ರಸ್ತೆಯಲ್ಲಿ ಮಂಜು ದಟ್ಟ, ತಿರುವುಗಳು ಜಾಸ್ತಿ. ಹಾಗಾಗಿ ಹಿಂದಿನ ಸಂಜೆಯೇ ಬಂದು ಹೊಸನಗರದಲ್ಲೋ ನಿಟ್ಟೂರಿನ ಹತ್ತಿರದ ಹೋಂಸ್ಟೇಯಲ್ಲೋ ಉಳಿಯುವುದು ಒಳ್ಳೆಯದು. ಸಂಜೆ ಬಂದರೆ ದಾರಿಯಲ್ಲಿ ನಗರದ ಕೋಟೆಯನ್ನೂ ನೋಡಬಹುದು. ಕೆಳದಿ ಅರಸರ ರಾಜಧಾನಿ ಬಿದನೂರು ಅಂದರೆ ಇದೇ ಊರು. 1763ರಲ್ಲಿ ಹೈದರಾಲಿ ಇದನ್ನು ಗೆದ್ದುಕೊಂಡ.

ಮೈಮೇಲೆ, ಚೀಲದಲ್ಲಿ

ಚಳಿ ಅಂತ ದಪ್ಪ ಸ್ವೆಟರ್ ಹಾಕಿಕೊಂಡು ಹತ್ತಲು ಶುರು ಮಾಡಬೇಡಿ. ಇಪ್ಪತ್ತೇ ನಿಮಿಷದಲ್ಲಿ ಬೆವರಿ ಒಳಗಿನ ಬಟ್ಟೆ ಒದ್ದೆಯಾಗುತ್ತದೆ. ಆಮೇಲೆ ಶಿಖರದಲ್ಲಿ ಗಾಳಿ ಬೀಸಿದಾಗ ಅದೇ ಒದ್ದೆ ಬಟ್ಟೆ ನಡುಗಿಸುತ್ತದೆ. 1000 ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ತಂಪು ಜಾಸ್ತಿಯಾಗುತ್ತದೆ. ನಮ್ಮ 700 ಮೀಟರ್ ಏರಿಗೆ 4 ಡಿಗ್ರಿಗಿಂತ ಹೆಚ್ಚು, ಗಾಳಿ ಬೇರೆ. ಒಳಗೆ ಬೇಗ ಒಣಗುವ ತುಂಬುತೋಳಿನ ಅಂಗಿ, ಚೀಲದಲ್ಲಿ ಒಂದು ಒಣ ಅಂಗಿ ಮತ್ತು ಗಾಳಿ ತಡೆಯುವ ಜಾಕೆಟ್. ಇಷ್ಟು ಸಾಕು. ಜೀನ್ಸ್ ಬೇಡವೇ ಬೇಡ. ಒದ್ದೆಯಾದರೆ ಭಾರ, ಮಂಡಿ ಮಡಚಲು ಬಿಡುವುದಿಲ್ಲ. ಬಟ್ಟೆ ತಿಳಿ ಬಣ್ಣದ್ದಿರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶೂ ಹೊಸದಾಗಿರಬಾರದು. ಅಡಿಯ ರಬ್ಬರ್ ಮೆತ್ತಗೆ ಇರಬೇಕು, ಅದರ ಗೀರುಗಳು ಚೆನ್ನಾಗಿ ಆಳವಾಗಿರಬೇಕು. ಬೆಲೆ ಎಷ್ಟು ಅನ್ನುವುದಕ್ಕಿಂತ ಇದು ಮುಖ್ಯ. ಮನೆಯ ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಹಾಕಿಕೊಂಡು ನಿಂತು ನೋಡಿ. ಅಲ್ಲಿ ಜಾರುವ ಶೂ ಹಳ್ಳದಲ್ಲಿ ಖಂಡಿತ ಜಾರುತ್ತದೆ.

ಚೀಲಕ್ಕೆ ಬೇಕಾದ್ದು: ಒಬ್ಬರಿಗೆ ಎರಡೂವರೆ ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ, ತಲೆಗೆ ಕಟ್ಟುವ ಟಾರ್ಚ್ ಮತ್ತು ಹೆಚ್ಚಿನ ಸೆಲ್ಲು, ಸೀಟಿ, ಕ್ರೇಪ್ ಬ್ಯಾಂಡೇಜ್, ಚೂಪು ಮೂತಿಯ ಚಿಮಟ, ಹತ್ತು ಮೀಟರ್ ಹಗ್ಗ, ಕಸಕ್ಕೆ ಒಂದು ಚೀಲ. ಕೈಗಳು ಖಾಲಿ ಇರಬೇಕು. ಬಾಟಲಿ, ಕ್ಯಾಮೆರಾ, ಮೊಬೈಲು ಯಾವುದೂ ಕೈಯಲ್ಲಿ ಬೇಡ. ಹಳ್ಳದಲ್ಲಿ ಕೈಯೂ ಕಾಲಿನ ಕೆಲಸ ಮಾಡಬೇಕು.

ಊಟಕ್ಕೆ ನಮ್ಮನೆಯಲ್ಲಿ ಹಿಂದಿನ ರಾತ್ರಿ ಚಪಾತಿ, ಒಣ ಪಲ್ಯ ಮಾಡಿಟ್ಟು ಬಾಳೆಲೆಯಲ್ಲಿ ಸುತ್ತುತ್ತಾರೆ. ಜೊತೆಗೆ ಶೇಂಗಾ, ಬೆಲ್ಲ. ನಡುವೆ ಬಾಯಿಗೆ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಮೇಲೆ ದನ, ಕಾಡುಪ್ರಾಣಿ ಓಡಾಡುತ್ತವೆ. ಇಲಿಜ್ವರ ಬರುವುದು ಇಂಥ ನೀರಿನಿಂದಲೇ.

ಉಣುಗು ಮತ್ತು ಮಂಗನ ಕಾಯಿಲೆ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ದಯವಿಟ್ಟು ಪೂರ್ತಿ ಓದಿ.

ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಇದನ್ನು ಮೊದಲು ಗುರುತಿಸಿದರು. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಅನ್ನುವ ಹೆಸರು. ವೈರಸ್ ಬರುವುದು ಉಣುಗಿನ ಕಡಿತದಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆ ತಗಲಿದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ಉಣುಗಿನ ಮರಿಗಳು ಕಾಡಿನ ನೆಲದಲ್ಲಿ ಜಾಸ್ತಿಯಾಗುವುದು ಮಳೆ ನಿಂತ ಮೇಲೆ. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ಅಂದರೆ ಚಾರಣಕ್ಕೆ ಯಾವ ಕಾಲ ಚೆನ್ನ ಅನ್ನುತ್ತೇವೋ ಅದೇ ಕಾಲ. ದೂರದ ಊರಿನಿಂದ ಬರುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ನಮ್ಮೂರ ಕಾಡಿಗೆ ಸೊಪ್ಪು, ಸೌದೆಗೆ ಹೋಗುವವರು ಇದರಿಂದ ಎಷ್ಟು ನೊಂದಿದ್ದಾರೆ ಅಂತ ನೋಡಿದವರಿಗೆ ಗೊತ್ತು.

ಉಣುಗಿನ ಮರಿ ಹೇಗಿರುತ್ತದೆ? ಒಮ್ಮೆ ಒಂದು ಮರದ ಬುಡದಲ್ಲಿ ತರಗೆಲೆಯ ಮೇಲೆ ಐದು ನಿಮಿಷ ಕೂತೆ. ಎದ್ದು ನೋಡಿದರೆ ಬಿಳಿ ಕಾಲುಚೀಲದ ಮೇಲೆ ಕಾಫಿಪುಡಿ ಉದುರಿದ ಹಾಗೆ ನಾಲ್ಕೈದು ಚುಕ್ಕಿ. ಧೂಳು ಅಂತ ಒರೆಸಲು ಹೋದೆ. ಒಂದು ಚುಕ್ಕಿ ನಿಧಾನಕ್ಕೆ ಮೇಲಕ್ಕೆ ನಡೆಯಿತು. ಕಪ್ಪು ಕಾಲುಚೀಲ ಹಾಕಿದ್ದರೆ ಅದು ನನಗೆ ಕಾಣುತ್ತಲೇ ಇರಲಿಲ್ಲ. ತಿಳಿ ಬಣ್ಣದ ಬಟ್ಟೆ ಹಾಕಿ ಅಂದದ್ದು ಇದಕ್ಕೆ.

ಮಾಡಬೇಕಾದ್ದು ಇಷ್ಟು. ಹೊರಡುವ ಎರಡು ದಿನ ಮೊದಲು ನಿಟ್ಟೂರು, ನಗರ ಕಡೆಯ ಗುರುತಿನವರಿಗೋ ಗೈಡಿಗೋ ಫೋನ್ ಮಾಡಿ, ಮಂಗ ಸತ್ತ ಸುದ್ದಿ ಇದೆಯಾ ಕೇಳಿ. ಇದ್ದರೆ ಹೋಗಬೇಡಿ, ಬೇರೆ ತಿಂಗಳು ನೋಡಿಕೊಳ್ಳಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಅಂಗಿಯನ್ನು ಪ್ಯಾಂಟಿನೊಳಗೆ ಹಾಕಿ. ಕೈ, ಕಾಲು, ಕುತ್ತಿಗೆಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ. ಮಲೆನಾಡಿನ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆ ಹಂಚುವುದು ಇದನ್ನೇ. ಕೆಲವು ಗಂಟೆ ಕಳೆದ ಮೇಲೆ, ನೀರಿಗಿಳಿದಿದ್ದರೆ ಆಗಲೇ, ಇನ್ನೊಮ್ಮೆ ಹಚ್ಚಬೇಕು. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ಚೀಲ ಇಡಬೇಡಿ. ವಿಶ್ರಾಂತಿ ಯಾವಾಗಲೂ ಬಿಸಿಲು ಬೀಳುವ ಬೋಳು ಬಂಡೆಯ ಮೇಲೆ. ಪ್ರತಿ ಗಂಟೆಗೊಮ್ಮೆ ಒಬ್ಬರ ಬೆನ್ನು, ಕಾಲು ಇನ್ನೊಬ್ಬರು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅಲ್ಲಿಂದಲೇ ತಿರುಗಿ. ಜಾಗ ನೆನಪಿಟ್ಟುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಉಣುಗು ಕಚ್ಚಿಕೊಂಡಿದ್ದರೆ ಉಗುರಿನಿಂದ ಜಜ್ಜಬೇಡಿ. ಬೆಂಕಿಕಡ್ಡಿ, ಸೀಮೆಎಣ್ಣೆ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಆಮೇಲೆ ಸೋಪು ನೀರಿನಿಂದ ತೊಳೆಯಿರಿ.

ಹಳ್ಳದಲ್ಲಿ ನಡೆಯುವುದು

ಕೊನೆಯ ಮನೆ, ತೋಟ ದಾಟಿದ ಮೇಲೆ ಕಾಡು ಶುರು. ನೀರಿನ ಸದ್ದು ಎಡಕ್ಕೋ ಬಲಕ್ಕೋ ಬರುತ್ತಾ ಹೋಗುತ್ತದೆ. ಒಂದೆರಡು ಕಡೆ ಹಳ್ಳ ದಾಟಬೇಕು. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನಕ್ಕೆ ನಡೆಯಿರಿ. ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡಲು ಆಗುತ್ತಿದೆಯಾ? ಅದೇ ಸರಿಯಾದ ವೇಗ. ಕಿವಿ ತೆರೆದಿಟ್ಟರೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಕೇಳಬಹುದು. ನೀರಿನ ಟ್ಯಾಂಕರಿನ ಪಂಪು ಉಸಿರೆಳೆದ ಹಾಗಿರುತ್ತದೆ.

ಬೆಳಗಿನ ಇಬ್ಬನಿಯಿಂದ ಎಲ್ಲ ಬಂಡೆಯೂ ಒದ್ದೆಯೇ. ಹತ್ತು ಗಂಟೆ ಹೊತ್ತಿಗೆ ಬಿಸಿಲು ಬೀಳುವ ಕಡೆ ಒಣಗುತ್ತದೆ, ನೆರಳಿನ ಕಡೆ ಇಡೀ ದಿನ ಹಾಗೇ ಇರುತ್ತದೆ. ಬಂಡೆ ಓದುವುದನ್ನು ಇಲ್ಲಿ ಕಲಿಯಬೇಕು.

ಬೂದುಬಣ್ಣದ, ಮುಟ್ಟಿದರೆ ಮರಳುಕಾಗದದ ಹಾಗೆ ತರಿತರಿ ಇರುವ ಕಲ್ಲು ನಂಬಿಕಸ್ಥ. ಹಸಿರು ಪಾಚಿ ಕಂಡರೆ ಯಾರಾದರೂ ಹುಷಾರಾಗುತ್ತಾರೆ. ಮೋಸ ಮಾಡುವುದು ಕಪ್ಪು ಕಲ್ಲು. ಮಳೆಗಾಲದಲ್ಲಿ ನೀರು ಹರಿದ ಜಾಗದಲ್ಲಿ ತೆಳುವಾದ ಕಪ್ಪು ಪದರ ಇರುತ್ತದೆ. ಒಣಗಿದ್ದಾಗ ಏನೂ ಆಗುವುದಿಲ್ಲ. ಒಂದು ಹನಿ ನೀರು ಬಿದ್ದರೆ ಸಾಕು, ಎಣ್ಣೆ ಸವರಿದ ಹಾಗಾಗುತ್ತದೆ. ಮುಂದೆ ಹೋದವರ ಶೂನಿಂದ ತೊಟ್ಟಿಕ್ಕಿದ ನೀರೇ ಹಿಂದಿನವರನ್ನು ಬೀಳಿಸುತ್ತದೆ. ಅದಕ್ಕೇ “ಅವರು ಅಲ್ಲೇ ಕಾಲಿಟ್ಟರಲ್ಲ” ಅಂತ ಕುರುಡಾಗಿ ಅಲ್ಲೇ ಇಡಬೇಡಿ.

ಕಾಲಿಡುವ ರೀತಿ ಹೀಗೆ. ಮೊದಲು ಕಾಲು ಇಡಿ, ಭಾರ ಹಾಕಬೇಡಿ. ಶೂವನ್ನು ಸ್ವಲ್ಪ ತಿರುಚಿ ನೋಡಿ. ಜಾರಲಿಲ್ಲ, ಕಲ್ಲು ಅಲುಗಲಿಲ್ಲ ಅಂದರೆ ಆಗ ಮೈಭಾರ ಹಾಕಿ. ಹಿಮ್ಮಡಿ ಮೊದಲು ಊರಬೇಡಿ, ಇಡೀ ಪಾದ ಒಟ್ಟಿಗೆ ಊರಿ. ಹೆಜ್ಜೆ ಚಿಕ್ಕದಿರಲಿ. ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರುವುದು ಎಂದೂ ಬೇಡ. ಅಬ್ಬಿಯ ಪಕ್ಕ ಕಡಿದಾದ ಜಾಗದಲ್ಲಿ ಎರಡು ಕೈ, ಎರಡು ಕಾಲು, ಇವುಗಳಲ್ಲಿ ಮೂರು ಯಾವಾಗಲೂ ಗಟ್ಟಿಯಾಗಿ ಹಿಡಿದಿರಬೇಕು. ನಾಲ್ಕನೆಯದು ಮಾತ್ರ ಜಾಗ ಬದಲಿಸಬೇಕು. ಬೇರು ಹಿಡಿಯುವ ಮೊದಲು ಒಮ್ಮೆ ಎಳೆದು ನೋಡಿ. ಜೀವಂತ ಬೇರು ಬಗ್ಗುತ್ತದೆ, ಸತ್ತ ಬೇರು ಲಟ್ಟೆನ್ನುತ್ತದೆ.

ಕೈ ಇಡುವ ಜಾಗವನ್ನು ಮೊದಲು ಕಣ್ಣಿನಿಂದ ನೋಡಿ. ಹಳ್ಳದ ಬದಿಯ ಬಂಡೆ, ಪೊದೆಗಳಲ್ಲಿ ಗುಳಿಮಂಡಲ ಹಾವು ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ. ಅದರ ಬಣ್ಣ ಪಾಚಿ, ಎಲೆಗಳ ಬಣ್ಣವೇ. ಅದಾಗಿ ಬಂದು ಕಚ್ಚುವುದಿಲ್ಲ, ಮೈಮೇಲೆ ಕೈ ಬಿದ್ದರೆ ಬಿಡುವುದಿಲ್ಲ.

ಎಲೆ ಮುಚ್ಚಿದ ಹೊಂಡಕ್ಕೆ ಕಾಲು ಹಾಕುವ ಮೊದಲು ಕೋಲಿನಿಂದ ಆಳ ನೋಡಿ. ನನ್ನ ಭಾವನ ಕಾಲು ತಿರುಚಿದ್ದು ಇಂಥದ್ದರಲ್ಲೇ. ಅಬ್ಬಿಯ ಬುಡದ ಗುಂಡಿಗೆ ಹಾರಬೇಡಿ. ಮಂಡಿಯವರೆಗೆ ಇಳಿದು ಮುಖ ತೊಳೆದುಕೊಂಡರೆ ಸಾಕು. ಆ ನೀರು ಡಿಸೆಂಬರ್‌ನಲ್ಲಿ ಎಷ್ಟು ತಣ್ಣಗಿರುತ್ತದೆಂದರೆ ಹೆಚ್ಚು ಹೊತ್ತು ಕೈ ಇಟ್ಟರೆ ಬೆರಳು ಜೋಮು ಹಿಡಿಯುತ್ತದೆ. ಜೋಮು ಹಿಡಿದ ಬೆರಳಿನಿಂದ ಬಂಡೆ ಹಿಡಿಯಲು ಆಗುವುದಿಲ್ಲ.

ಇನ್ನೊಂದು ಮಾತು ಹೆಜ್ಜೇನಿನ ಬಗ್ಗೆ. ಬಂಡೆಯ ಚಾಚು, ದೊಡ್ಡ ಮರಗಳ ಕೊಂಬೆ ನೋಡುತ್ತಾ ನಡೆಯಿರಿ. ಕಪ್ಪು ಹಲಗೆ ನೇತುಹಾಕಿದ ಹಾಗೆ ಜೇನುಹುಟ್ಟು ಕಂಡರೆ ಮಾತು ನಿಲ್ಲಿಸಿ, ಸುಮ್ನೆ ದಾಟಿ. ಬೆಳಗ್ಗೆ ಸೆಂಟು ಪೂಸಿಕೊಂಡು ಬರಬೇಡಿ. ಬೀಡಿ, ಸಿಗರೇಟು, ಒಲೆ, ಡ್ರೋನು, ಕೂಗಾಟ ಯಾವುದೂ ಕಣಿವೆಯೊಳಗೆ ಬೇಡ. ಜೇನು ಎದ್ದರೆ ಓಡಿ ತಪ್ಪಿಸಿಕೊಳ್ಳಲು ಅಲ್ಲಿ ಜಾಗವೇ ಇಲ್ಲ.

ಅಬ್ಬಿಯ ಮೇಲೆ

ಅಬ್ಬಿ ಮುಗಿದ ಮೇಲೆ ಇಡೀ ದಾರಿಯ ಕಡಿದಾದ ಏರು ಬರುತ್ತದೆ. ಮೊದಲು ಕಾಡು, ಆಮೇಲೆ ಮರಗಳು ಗಿಡ್ಡವಾಗುತ್ತಾ ಹೋಗಿ ಹುಲ್ಲುಗಾವಲು. ನೆರಳಿನಿಂದ ಬಿಸಿಲಿಗೆ ಬಂದ ಆ ಕ್ಷಣ ಕಣ್ಣು ಕುಕ್ಕುತ್ತದೆ. ಟೊಪ್ಪಿ ಹಾಕಿಕೊಳ್ಳಿ, ನೀರು ಕುಡಿಯಿರಿ. ಹಿಂದೆ ತಿರುಗಿ ನೀವು ಹೊರಬಂದ ಜಾಗವನ್ನು ಒಮ್ಮೆ ಚೆನ್ನಾಗಿ ನೋಡಿ, ಫೋಟೋ ತೆಗೆದುಕೊಳ್ಳಿ. ಅದೇ ದಾರಿಯಲ್ಲಿ ವಾಪಸ್ ಬರಬೇಕಾದರೆ ಹುಲ್ಲಿನ ನಡುವೆ ಆ ಬಾಯಿ ಹುಡುಕುವುದು ಕಷ್ಟ. ಹುಲ್ಲುಗಾವಲಿನಲ್ಲಿ ಕಾಟಿಯ (ಕಾಡುಕೋಣದ) ಹಿಂಡು ಕಂಡರೆ ನಿಂತುಬಿಡಿ. ಅವು ಹೋಗುವವರೆಗೆ ಕಾಯಿರಿ, ಸುತ್ತು ಹಾಕಿ ಹತ್ತಿರ ಹೋಗುವ ಕೆಲಸ ಬೇಡ.

ಮುಂದೆ ಜೀಪಿನ ರಸ್ತೆ ಸೇರುತ್ತದೆ. ಅದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಮುಟ್ಟಿಸುತ್ತದೆ. ಗುಡಿಯ ಪಕ್ಕ ನೆಟ್ಟಗೆ ನಿಂತ ಕಬ್ಬಿಣದ ಕಂಬ ಇದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅಂತ ಜನರ ನಂಬಿಕೆ. ಈ ಬೆಟ್ಟದ ಮಣ್ಣಿನಲ್ಲೇ ಕಬ್ಬಿಣದ ಅದಿರು ಇದೆ, ಕೆಂಪು ದೂಳು ಶೂಗೆ ಹತ್ತಿದ್ದು ನೋಡಿದರೆ ಗೊತ್ತಾಗುತ್ತದೆ.

ಅಲ್ಲಿಂದ ಸರ್ವಜ್ಞಪೀಠಕ್ಕೆ ಕಾಲುದಾರಿ. ನಡುವೆ ಗಣೇಶ ಗುಹೆ. ಸರ್ವಜ್ಞಪೀಠ ಅಂದರೆ ಒಂದು ಪುಟ್ಟ ಕಲ್ಲಿನ ಗುಡಿ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರು ಅನ್ನುತ್ತಾರೆ. ಪಡುವಣಕ್ಕೆ ನೋಡಿದರೆ ಘಟ್ಟ ಒಮ್ಮೆಲೇ ಕುಸಿದು ಕರಾವಳಿ. ಜನವರಿಯ ತಿಳಿ ದಿನದಲ್ಲಿ ಆಚೆಗೆ ಸಮುದ್ರ ಬೆಳ್ಳಗೆ ಮಿನುಗುತ್ತದೆ. ಕೊಡಚಾದ್ರಿಗೆ ಕುಟಜಾದ್ರಿ ಅಂತಲೂ ಹೆಸರು. ಕುಟಜ ಅಂದರೆ ನಮ್ಮ ಕೊಡಸಿಗ. ಮಲೆನಾಡಿನ ಮನೆಗಳಲ್ಲಿ ಅದರ ಹೂವಿನ ತಂಬುಳಿ ಮಾಡುತ್ತಾರಲ್ಲ, ಅದೇ ಗಿಡ. ಚಳಿಗಾಲದಲ್ಲಿ ಹೂವಿರುವುದಿಲ್ಲ, ಬೇಸಿಗೆಗೆ ಬರಬೇಕು.

ಬೆವರಿದ ಅಂಗಿ ಬದಲಿಸಿ, ಆಮೇಲೆ ಊಟಕ್ಕೆ ಕೂರಿ. ಚಿತ್ರಮೂಲ ಗುಹೆ ಇರುವುದು ಪೀಠದಿಂದ ಆಚೆ ಕಡಿದಾದ ಇಳಿಜಾರಿನ ಕೆಳಗೆ. ಹನ್ನೆರಡರ ಒಳಗೆ ಪೀಠ ಮುಟ್ಟಿದ್ದು, ಎಲ್ಲರ ಕಾಲೂ ಗಟ್ಟಿ ಇದ್ದರೆ ಮಾತ್ರ ಅದರ ಯೋಚನೆ ಮಾಡಿ. ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಇರಲಿ.

ಇಳಿಯುವುದು

ಹಳ್ಳದಲ್ಲಿ ಹತ್ತಿ, ಜೀಪಿನ ರಸ್ತೆಯಲ್ಲಿ ಇಳಿಯಿರಿ. ಈ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ.

ಹತ್ತುವಾಗ ಬಂಡೆ ಮುಖದ ಎದುರಿಗಿರುತ್ತದೆ, ಕೈ ತಾನಾಗಿ ಹಿಡಿಯುತ್ತದೆ. ಇಳಿಯುವಾಗ ಕಾಲು ಇಡುವ ಜಾಗವೇ ಕಾಣುವುದಿಲ್ಲ. ತೊಡೆ ಸೋತು ನಡುಗುತ್ತಿರುತ್ತದೆ. ಬೆಳಕೂ ಕಡಿಮೆ. ಜೀಪಿನ ರಸ್ತೆ ಕಟ್ಟಿನಹೊಳೆ ಕಡೆಗೆ ಇಳಿಯುತ್ತದೆ, ದೂರ ಜಾಸ್ತಿ, ದೂಳೂ ಜಾಸ್ತಿ. ಆದರೆ ಕತ್ತಲಾದರೂ ದಾರಿ ತಪ್ಪುವುದಿಲ್ಲ. ಗಾಡಿಯನ್ನು ಆ ಕಡೆಗೆ ತರಿಸಲು ಬೆಳಗ್ಗೆಯೇ ಮಾತಾಡಿಟ್ಟಿರಿ. ಮಂಡಿ ನೋವಿದ್ದವರು ಮೇಲಿನಿಂದಲೇ ಜೀಪು ಹಿಡಿಯಬಹುದು. ರಸ್ತೆಯಲ್ಲಿ ನಡೆಯುವಾಗ ತಿರುವುಗಳಲ್ಲಿ ಒಳಬದಿಗೆ ನಿಲ್ಲಿ. ಇಳಿಯುವ ಜೀಪಿಗೆ ಬ್ರೇಕು ಹಾಕಲು ಜಾಗ ಬೇಕು.

ಹಳ್ಳದಲ್ಲೇ ಇಳಿಯಬೇಕಾಗಿ ಬಂದರೆ ಮಧ್ಯಾಹ್ನ ಮೂರಕ್ಕೆ ಅಬ್ಬಿಯ ತಲೆಯ ಹತ್ತಿರ ಇರಬೇಕು. ಕಡಿದಾದ ಜಾಗದಲ್ಲಿ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಿರಿ.

ಏನಾದರೂ ಆದರೆ

ಕಾಲು ತಿರುಚಿದರೆ ಶೂ ಬಿಚ್ಚಬೇಡಿ. ಬಿಚ್ಚಿದರೆ ಊದಿಕೊಂಡು ಮತ್ತೆ ಹಾಕಲಾಗುವುದಿಲ್ಲ. ಶೂ ಮೇಲೇ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅವರ ಚೀಲ ನೀವು ಹೊತ್ತು, ಕೋಲು ಕೊಟ್ಟು ನಡೆಸಿ. ಬೆರಳು ಜೋಮು ಹಿಡಿದರೆ ಕಟ್ಟು ಸಡಿಲ ಮಾಡಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆಯಿರಿ. ಆ ಕೈ ಅಥವಾ ಕಾಲು ಅಲುಗದ ಹಾಗೆ ಕೋಲು ಕಟ್ಟಿ, ಎತ್ತಿಕೊಂಡೇ ಕೆಳಗಿಳಿಸಿ ನೇರ ಆಸ್ಪತ್ರೆಗೆ. ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112. ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಹೋಗುತ್ತದೆ. ಹಳ್ಳದ ಒಳಗಿಂತ ಹುಲ್ಲುಗಾವಲಿನ ದಿಬ್ಬದ ಮೇಲೆ ಸಿಗ್ನಲ್ ಸಿಗುವ ಸಾಧ್ಯತೆ ಜಾಸ್ತಿ. ದಾರಿ ತಪ್ಪಿದರೆ ಎಲ್ಲರೂ ಒಂದೇ ಕಡೆ ನಿಂತು ಸೀಟಿ ಊದಿ. ಮೂರು ಸಲ ಊದಿ ನಿಲ್ಲಿಸಿ, ಕಿವಿಗೊಡಿ, ಮತ್ತೆ ಮೂರು ಸಲ. ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ದಾರಿ ಮತ್ತು ಹೊತ್ತು ಬರೆದುಕೊಟ್ಟಿರಿ. “ರಾತ್ರಿ ಎಂಟರೊಳಗೆ ಫೋನ್ ಬರದಿದ್ದರೆ ಇವರಿಗೆ ಹೇಳು” ಅಂತ ಗೈಡಿನ ನಂಬರೂ ಕೊಟ್ಟಿರಿ.

ಮನೆಗೆ ಬಂದ ಮೇಲೆ

ಬಟ್ಟೆಯನ್ನು ಮಂಚದ ಮೇಲೆ, ಸೋಫಾದ ಮೇಲೆ ಎಸೆಯಬೇಡಿ. ಹಿತ್ತಲಲ್ಲೇ ಬಿಚ್ಚಿ, ಬಕೆಟ್ಟಿಗೆ ಹಾಕಿ, ಮೇಲಿಂದ ಕುದಿಯುವ ನೀರು ಹೊಯ್ಯಿರಿ. ಹಂಡೆಯ ಬಿಸಿನೀರಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ಮೈ ಉಜ್ಜಿ. ಕಿವಿಯ ಹಿಂದೆ, ಕಂಕುಳು, ಹೊಕ್ಕಳು, ಮಂಡಿಯ ಹಿಂದೆ, ತೊಡೆಸಂದು, ಉಣುಗು ಕೂರುವುದು ಇಲ್ಲೇ. ಕಾಣದ ಜಾಗವನ್ನು ಮನೆಯವರಿಗೆ ತೋರಿಸಿ. ಶೂ, ಚೀಲವನ್ನು ಎರಡು ದಿನ ಬಿಸಿಲಿಗೆ ಹಾಕಿ.

ಗೋಡೆಯ ಕ್ಯಾಲೆಂಡರಿನಲ್ಲಿ ಹೋಗಿಬಂದ ದಿನಕ್ಕೆ ಒಂದು ಗುರುತು ಹಾಕಿ, ಎರಡು ವಾರದ ಮುಂದೆ ಇನ್ನೊಂದು. ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದಲ್ಲಿ. ಇದ್ದಕ್ಕಿದ್ದ ಹಾಗೆ ಚಳಿಜ್ವರ, ತಲೆ ಒಡೆಯುವ ನೋವು, ಸೊಂಟ ಮತ್ತು ಮೀನಖಂಡದ ನೋವು ಬಂದರೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಮಲಗಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: “ಇಂಥ ದಿನ ಕೊಡಚಾದ್ರಿ ಕಾಡಿಗೆ ಹೋಗಿದ್ದೆ, ಉಣುಗು ಹತ್ತಿರಬಹುದು.” ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಡಾಕ್ಟರಿಗೆ ಇದು ತಾನಾಗಿ ಹೊಳೆಯದೆ ಹೋಗಬಹುದು. ಜೊತೆಗೆ ಬಂದವರಿಗೆಲ್ಲ ಎಂಟನೇ ದಿನ ಒಂದು ಫೋನ್ ಮಾಡಿ, ಹೇಗಿದ್ದೀರಿ ಅಂತ ಕೇಳಿ.